ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರ್ ರೇಸಿಗೆ ಚಾರ್ಜರ್ ಆರಿಸುವುದು: ತುಂಬುವ ಆಂಪ್ ಆಮೇಲೆ ನೋಡಿ, ಇಳಿಸುವ ವ್ಯಾಟ್ ಮೊದಲು ನೋಡಿ

ಅಂಗಡಿಯಲ್ಲಿ ಚಾರ್ಜರ್ ಕೇಳಿ ನೋಡಿ, ಮೊದಲು ಬರುವ ಉತ್ತರ ಆಂಪಿನದು. "ಇದ ಹತ್ತ ಆಂಪಿಂದ ಐತ್ರಿ ಸರ, ಅರ್ಧಾ ತಾಸಿನ್ಯಾಗ ಫುಲ್." ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಅದೇ ಇರುತ್ತದೆ. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಬ್ಯಾಟರಿ ಪ್ಯಾಕುಗಳು ಹಾಳಾಗುವುದು ನಿಧಾನ ಚಾರ್ಜಿನಿಂದಲ್ಲ. ಶನಿವಾರ ರಾತ್ರಿ ಪೂರ್ತಿ ತುಂಬಿಸಿರುತ್ತೀರಿ, ಭಾನುವಾರ ಜಿಟಿಜಿಟಿ ಮಳೆ ಹಿಡಿದು ರೇಸ್ ರದ್ದಾಗುತ್ತದೆ, ಪ್ಯಾಕು ಹಾಗೇ ಕಪಾಟು ಸೇರುತ್ತದೆ. ಹದಿನೈದು ದಿನ ಬಿಟ್ಟು ತೆಗೆದರೆ ಉಬ್ಬಿರುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಹದಿನೈದು ದಿನವೂ ಬೇಡ.

ಓಡಿಸದೆ ಉಳಿದ ಪ್ಯಾಕನ್ನು ಇಳಿಸಿಯೇ ಎತ್ತಿಡಬೇಕು. ಹೀಗಾಗಿ ಕೊಳ್ಳುವಾಗ ನೋಡುವ ಕ್ರಮವನ್ನು ತಿರುವಿಹಾಕಬೇಕು. ಮೊದಲು ಡಿಸ್ಚಾರ್ಜ್ (ತುಂಬಿದ್ದನ್ನು ಇಳಿಸುವುದು) ಎಷ್ಟು ವ್ಯಾಟ್, ನಂತರ ಚಾರ್ಜರಿಗೆ ಕರೆಂಟ್ ಎಲ್ಲಿಂದ, ಕೊನೆಗೆ ಚಾರ್ಜ್ ಎಷ್ಟು ಆಂಪ್. ಕೊನೆಯದರ ಲೆಕ್ಕ ಸಲೀಸು, ಅದನ್ನೇ ಮೊದಲು ಮುಗಿಸಿಬಿಡೋಣ.

ತುಂಬುವ ಲೆಕ್ಕ

ಲಿಪೋ (ಲಿಥಿಯಂ ಪಾಲಿಮರ್) ಸೆಲ್ ಪೂರ್ತಿ ತುಂಬಿದಾಗ 4.20 ವೋಲ್ಟ್. 1/10 ಅಳತೆಯ ಟೂರಿಂಗ್, ಬಗ್ಗಿ ಕಾರುಗಳಿಗೆ ಹಾಕುವ 2ಎಸ್ (ಎರಡು ಸೆಲ್ ಸೀರೀಸಿನಲ್ಲಿ ಇರುವ) ಪ್ಯಾಕ್ ಅಂದರೆ 8.40 ವೋಲ್ಟ್. 5000 ಎಂಎಎಚ್ (ಮಿಲಿಆಂಪ್-ಅವರ್) ಸಾಮರ್ಥ್ಯದ ಪ್ಯಾಕನ್ನು 1ಸಿ ದರದಲ್ಲಿ, ಅಂದರೆ ಸಾಮರ್ಥ್ಯದ ಒಂದು ಪಟ್ಟು, 5 ಆಂಪಿನಲ್ಲಿ ತುಂಬಲು 8.4 × 5 = 42 ವ್ಯಾಟ್ ಸಾಕು. 50 ವ್ಯಾಟಿನ ಚಾರ್ಜರ್ ಇದನ್ನು ಆರಾಮಾಗಿ ಮಾಡುತ್ತದೆ. 1/8 ಅಳತೆಯ ಇ-ಬಗ್ಗಿಯ 4ಎಸ್ 5000 ಪ್ಯಾಕಿಗೆ 16.8 × 5 = 84 ವ್ಯಾಟ್ ಬೇಕು. ಅಲ್ಲಿ 50 ವ್ಯಾಟಿನ ಚಾರ್ಜರ್ 3 ಆಂಪಿಗೇ ನಿಲ್ಲುತ್ತದೆ, ಡಬ್ಬಿಯ ಮೇಲೆ 6 ಆಂಪ್ ಅಂತ ಬರೆದಿದ್ದರೂ ಅಷ್ಟೇ. ಆಂಪ್ ಮಿತಿ, ವ್ಯಾಟ್ ಮಿತಿ ಎರಡರಲ್ಲಿ ಯಾವುದು ಮೊದಲು ತಾಗುತ್ತದೋ ಅದೇ ಕೊನೆ.

1ಸಿಯಲ್ಲಿ ಖಾಲಿ ಪ್ಯಾಕ್ ತುಂಬಲು ಒಂದು ತಾಸು, ಒಂದೂಕಾಲು ತಾಸು ಹಿಡಿಯುತ್ತದೆ. ಸೆಲ್ 4.20 ತಲುಪಿದ ಮೇಲೆ ಚಾರ್ಜರ್ ವೋಲ್ಟೇಜ್ ಹಿಡಿದಿಟ್ಟು ಕರೆಂಟನ್ನು ಮೆಲ್ಲಗೆ ಇಳಿಸುವುದರಿಂದ ಕೊನೆಯ ಪಾಲು ನಿಧಾನ. ಆದರೆ ರೇಸಿನ ದಿನ ಪ್ಯಾಕು ಪೂರ್ತಿ ಖಾಲಿಯಾಗುವುದಿಲ್ಲ. 5 ನಿಮಿಷದ ಹೀಟ್ (ರೇಸಿನ ಒಂದು ಸರದಿ) ಓಡಿಸಿದರೆ ಸ್ಟಾಕ್ (ಮಿತಿ ಹಾಕಿದ ಸಾಧಾರಣ) ಮೋಟರಿನ ಕಾರು ಸುಮಾರು ಅರ್ಧ ಪ್ಯಾಕ್ ತಿನ್ನುತ್ತದೆ, ಅದು ಅರ್ಧ-ಮುಕ್ಕಾಲು ತಾಸಿನಲ್ಲಿ ವಾಪಸ್ ತುಂಬುತ್ತದೆ. ಎರಡು ಪ್ಯಾಕ್ ಇಟ್ಟುಕೊಂಡವರಿಗೆ 1ಸಿ ಧಾರಾಳ. 2ಸಿ, 3ಸಿ ಚಾರ್ಜಿಗೆ ದುಡ್ಡು ಸುರಿಯುವ ಬದಲು ಅದೇ ರೊಕ್ಕದಲ್ಲಿ ಇನ್ನೊಂದು ಪ್ಯಾಕ್ ತರುವುದು ಜಾಣತನ.

ಸೆಲ್‌ಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುವ ಬ್ಯಾಲೆನ್ಸ್ ಕರೆಂಟನ್ನು ಮಾತ್ರ ಕಡೆಗಣಿಸಬೇಡಿ. ಅಗ್ಗದ ಚಾರ್ಜರುಗಳಲ್ಲಿ ಅದು 200-300 ಮಿಲಿಆಂಪ್. ಎರಡು ಸೆಲ್‌ಗಳ ನಡುವೆ 100 ಎಂಎಎಚ್ ವ್ಯತ್ಯಾಸ ಬಿದ್ದರೆ ಸರಿದೂಗಿಸಲು ಇನ್ನೂ ಇಪ್ಪತ್ತು-ಮೂವತ್ತು ನಿಮಿಷ ಕಾಯಬೇಕು. "99 ಪರ್ಸೆಂಟಿಗೆ ಬಂದು ಅಲ್ಲೇ ನಿಂತೈತಿ" ಅನ್ನುವ ದೂರಿಗೆ ಬಹುಪಾಲು ಇದೇ ಕಾರಣ. 1 ಆಂಪ್ ಅಥವಾ ಹೆಚ್ಚಿನ ಬ್ಯಾಲೆನ್ಸ್ ಕರೆಂಟ್ ಇರುವ ಚಾರ್ಜರಿನಲ್ಲಿ ಈ ಕಿರಿಕಿರಿ ಇಲ್ಲ.

ಇಳಿಸುವ ಲೆಕ್ಕ

ಲಿಪೋಗೆ ಮೆಮೊರಿ ಎಫೆಕ್ಟ್ (ಅರ್ಧಂಬರ್ಧ ಬಳಸಿ ತುಂಬಿದರೆ ಸಾಮರ್ಥ್ಯ ಕುಗ್ಗುವುದು) ಇಲ್ಲ. ಪ್ರತಿ ಚಾರ್ಜಿಗೂ ಮುಂಚೆ ಖಾಲಿ ಮಾಡುವುದು ಹಳೆಯ ನಿಕಲ್ ಕಾಲದ ರೂಢಿ, ಈಗ ಅದರಿಂದ ಪ್ಯಾಕಿನ ಆಯುಷ್ಯ ಕಡಿಮೆಯಾಗುತ್ತದೆ ಅಷ್ಟೇ. ಲಿಪೋಗೆ ಡಿಸ್ಚಾರ್ಜರ್ ಬೇಕಾಗುವುದು ಎರಡು ಕೆಲಸಕ್ಕೆ: ಓಡಿಸದೆ ಉಳಿದ ಪ್ಯಾಕನ್ನು ಸೆಲ್ಲಿಗೆ 3.80-3.85 ವೋಲ್ಟಿನ ಸ್ಟೋರೇಜ್ ಮಟ್ಟಕ್ಕೆ ತರಲು, ಮತ್ತು ಪ್ಯಾಕಿನಲ್ಲಿ ನಿಜವಾಗಿ ಎಷ್ಟು ಎಂಎಎಚ್ ಉಳಿದಿದೆ ಅಂತ ಅಳೆಯಲು.

ಚಾರ್ಜರಿನ ಒಳಗೇ ಇರುವ ಡಿಸ್ಚಾರ್ಜ್ ಎಷ್ಟು ದುರ್ಬಲ ಅನ್ನುವುದು ಲೆಕ್ಕ ಹಾಕಿದಾಗಲೇ ತಿಳಿಯುವುದು. ಎಲ್ಲೆಡೆ ಸಿಗುವ ಐಮ್ಯಾಕ್ಸ್ ಬಿ6 ಜಾತಿಯ ಚಾರ್ಜರುಗಳಲ್ಲಿ ಚಾರ್ಜ್ 50 ವ್ಯಾಟ್, ಡಿಸ್ಚಾರ್ಜ್ ಬರೀ 5 ವ್ಯಾಟ್. ತುಂಬಿದ 2ಎಸ್ 5000 ಪ್ಯಾಕಿನಿಂದ ಸ್ಟೋರೇಜ್ ಮಟ್ಟಕ್ಕೆ ಬರಲು ಸುಮಾರು 2250 ಎಂಎಎಚ್ ತೆಗೆಯಬೇಕು, ಅಂದರೆ ಹೆಚ್ಚುಕಡಿಮೆ 18 ವ್ಯಾಟ್-ಅವರ್. 5 ವ್ಯಾಟಿನಲ್ಲಿ ಅದಕ್ಕೆ ಮೂರೂವರೆ ತಾಸು. ನಾಲ್ಕು ಪ್ಯಾಕ್ ಇದ್ದರೆ ಹದಿನಾಲ್ಕು ತಾಸು! ರೇಸ್ ರದ್ದಾದ ಸಂಜೆ ಇಷ್ಟು ಹೊತ್ತು ಯಾರೂ ಕಾಯುವುದಿಲ್ಲ, "ನಾಳೆ ಮಾಡೋಣ" ಅಂತ ಬಿಡುತ್ತಾರೆ, ಪ್ಯಾಕು ಕೆಡುತ್ತದೆ. ಒಳಗಿನ ಡಿಸ್ಚಾರ್ಜಿನಲ್ಲಿ ಶಕ್ತಿಯೆಲ್ಲ ಶಾಖವಾಗಿ ಪುಟ್ಟ ಫ್ಯಾನಿನ ಮೂಲಕ ಹೋಗಬೇಕಾದ್ದರಿಂದ ಕಂಪನಿಗಳು ಅದನ್ನು ಇಷ್ಟು ಚಿಕ್ಕದಾಗಿ ಇಡುತ್ತವೆ. ಡಬ್ಬಿಯ ಮೇಲೆ "ಡಿಸ್ಚಾರ್ಜ್ 2 ಆಂಪ್" ಅಂತ ಇದ್ದರೂ 8 ವೋಲ್ಟಿನಲ್ಲಿ 5 ವ್ಯಾಟ್ ಅಂದರೆ 0.6 ಆಂಪ್ ಮಾತ್ರ.

ಇದನ್ನು ದಾಟಲು ಮೂರು ದಾರಿ ಇವೆ.

ಮೊದಲನೆಯದು ಬಲ್ಬ್. ಕಾರಿನ ಎಚ್4 ಹೆಡ್‌ಲೈಟ್ ಬಲ್ಬು, 12 ವೋಲ್ಟ್ 60/55 ವ್ಯಾಟಿನದು, ಆಟೊಮೊಬೈಲ್ ಬಿಡಿಭಾಗದ ಯಾವ ಅಂಗಡಿಯಲ್ಲೂ ಸಿಗುತ್ತದೆ. ಜೊತೆಗೆ ಸೆರಾಮಿಕ್ ಹೋಲ್ಡರ್ ತೆಗೆದುಕೊಳ್ಳಿ, ಪ್ಲಾಸ್ಟಿಕ್ಕಿನದು ಕರಗುತ್ತದೆ. ಒಂದು ಫಿಲಮೆಂಟನ್ನು 2ಎಸ್ ಪ್ಯಾಕಿಗೆ ಹಚ್ಚಿದರೆ ಮೂರೂವರೆ-ನಾಲ್ಕು ಆಂಪ್ ಎಳೆಯುತ್ತದೆ, ಸ್ಟೋರೇಜಿಗೆ ಇಳಿಯಲು 35-40 ನಿಮಿಷ ಸಾಕು. ಎರಡೂ ಫಿಲಮೆಂಟ್ ಜೋಡಿಸಿದರೆ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. 4ಎಸ್ ಪ್ಯಾಕಿಗೆ ಒಂದೇ ಬಲ್ಬ್ ಹಚ್ಚಬೇಡಿ, 16 ವೋಲ್ಟಿಗೆ ಸುಟ್ಟುಹೋಗುತ್ತದೆ, ಎರಡನ್ನು ಸೀರೀಸಿನಲ್ಲಿ ಹಾಕಿ. ತಣ್ಣಗಿರುವ ಫಿಲಮೆಂಟ್ ಕ್ಷಣಮಾತ್ರ ಹತ್ತು ಪಟ್ಟಿನಷ್ಟು ಕರೆಂಟ್ ಎಳೆಯುತ್ತದೆ, ಆದ್ದರಿಂದ ಪಿನ್ ಹಚ್ಚುವಾಗ ಕಿಡಿ ಹಾರುವುದು ಸಹಜ.

ಬಲ್ಬಿನ ದೋಷ ಒಂದೇ, ಆದರೆ ಅದು ಪ್ರಾಣಾಂತಿಕ: ತಾನಾಗಿ ನಿಲ್ಲುವುದಿಲ್ಲ. ಮರೆತು ಊಟಕ್ಕೆ ಹೋದರೆ ಸೆಲ್ 3.0 ವೋಲ್ಟಿಗಿಂತ ಕೆಳಗೆ ಹೋಗಿ ಪ್ಯಾಕು ಅಲ್ಲಿಗೇ ಮುಗಿಯಿತು. ಬ್ಯಾಲೆನ್ಸ್ ಪಿನ್ನಿಗೆ ಸಿಕ್ಕಿಸುವ ಲಿಪೋ ಅಲಾರಂ ಹಾಕಿ. ಅದನ್ನು 3.75ಕ್ಕೆ ಇಡಿ, ಲೋಡ್ ಇದ್ದಾಗ ವೋಲ್ಟೇಜ್ ಕುಸಿದಿರುತ್ತದೆ, ಬಲ್ಬ್ ತೆಗೆದು ಐದು ನಿಮಿಷ ಬಿಟ್ಟರೆ 3.8ರ ಮೇಲಕ್ಕೆ ಬರುತ್ತದೆ. ಅಲಾರಂ ಕೂಗುತ್ತದೆಯೇ ಹೊರತು ಕರೆಂಟ್ ಕಡಿಯುವುದಿಲ್ಲ, ಹಾಗಾಗಿ ಎದುರಿಗೇ ಕೂತಿರಬೇಕು. ಕೆಲಸ ಮುಗಿದ ಮೇಲೆ ಅದನ್ನೂ ಕಿತ್ತಿಡಿ, ಸಿಕ್ಕಿಸಿ ಬಿಟ್ಟರೆ ಅದೂ ದಿನಗಟ್ಟಲೆ ಪ್ಯಾಕನ್ನು ಹೀರುತ್ತದೆ.

ಎರಡನೆಯದು ಪ್ರತ್ಯೇಕ ಡಿಸ್ಚಾರ್ಜರ್. ಸ್ಕೈಆರ್‌ಸಿಯ ಬಿಡಿ200 ಜಾತಿಯವು 200 ವ್ಯಾಟ್, 30 ಆಂಪ್‌ವರೆಗೆ ಇಳಿಸುತ್ತವೆ. 20 ಆಂಪಿನಲ್ಲಿ ಇಟ್ಟರೂ ಸ್ಟೋರೇಜ್ ಮಟ್ಟಕ್ಕೆ ಏಳು ನಿಮಿಷ. ಕಟ್‌ಆಫ್ ವೋಲ್ಟೇಜ್ ಹೊಂದಿಸಬಹುದು, ತಲುಪಿದ ಕೂಡಲೇ ತಾನೇ ನಿಲ್ಲುತ್ತದೆ, ಎಷ್ಟು ಎಂಎಎಚ್ ಹೊರಬಂತು ಅಂತ ತೋರಿಸುತ್ತದೆ. 5000 ಅಂತ ಬರೆದ ಪ್ಯಾಕು 4100 ಕೊಟ್ಟರೆ ಅದನ್ನು ಪ್ರಾಕ್ಟೀಸಿಗೆ ತಳ್ಳಿ, ಹೊಸದನ್ನು ಫೈನಲ್ಲಿಗೆ ಇಡಬಹುದು. ಆದರೆ ಎರಡು ಸಂಗತಿ ಗಮನದಲ್ಲಿರಲಿ. ಇವು ಕೆಲಸ ಮಾಡಲು ಕನಿಷ್ಠ 5.4 ವೋಲ್ಟ್ ಬೇಕು, ಆದ್ದರಿಂದ 1/12 ಪ್ಯಾನ್ ಕಾರಿನ 1ಎಸ್ ಪ್ಯಾಕಿಗೆ ಒದಗುವುದಿಲ್ಲ. ಇನ್ನೊಂದು, 150 ವ್ಯಾಟ್ ಶಾಖ ಹೊರಹಾಕುವ ಪೆಟ್ಟಿಗೆ ಅದು, ಪಕ್ಕದಲ್ಲಿ ಟೈರ್ ಅಂಟಿನ ಬಾಟಲಿ ಇಡುವಂತಿಲ್ಲ.

ಮೂರನೆಯದು ರೀಜನರೇಟಿವ್ ಡಿಸ್ಚಾರ್ಜ್. ಜುನ್ಸಿ ಕಂಪನಿಯ ಐಚಾರ್ಜರಿನ ಕೆಲವು ಮಾದರಿಗಳಲ್ಲಿ ಇದು ಇದೆ: ಪ್ಯಾಕಿನಿಂದ ತೆಗೆದ ಶಕ್ತಿಯನ್ನು ಚಾರ್ಜರಿಗೆ ಕರೆಂಟ್ ಕೊಡುತ್ತಿರುವ ಬ್ಯಾಟರಿಗೇ ಮರಳಿ ತುಂಬುತ್ತದೆ. ಶಾಖ ಕಡಿಮೆ, ವೇಗ ಹೆಚ್ಚು. ಆದರೆ ಕರೆಂಟಿನ ಮೂಲ ಲೆಡ್-ಆಸಿಡ್‌ನಂಥ ಬ್ಯಾಟರಿ ಆಗಿದ್ದರೆ ಮಾತ್ರ. ಎಸ್‌ಎಂಪಿಎಸ್‌ಗೆ (230 ವೋಲ್ಟ್ ಎಸಿಯನ್ನು ಡಿಸಿ ಮಾಡುವ ಪವರ್ ಸಪ್ಲೈ) ಹಚ್ಚಿ ಇದನ್ನು ಮಾಡಿದರೆ ಶಕ್ತಿ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಏರಿ ಎಸ್‌ಎಂಪಿಎಸ್ ಟ್ರಿಪ್ ಆಗುತ್ತದೆ, ದುರದೃಷ್ಟವಿದ್ದರೆ ಸುಡುತ್ತದೆ.

ನಮ್ಮ ಆಯ್ಕೆ ಹೇಳುವುದಾದರೆ, ಎರಡು ಪ್ಯಾಕ್ ಇರುವವರಿಗೆ ಬಲ್ಬ್ ಮತ್ತು ಅಲಾರಂ ಸಾಕು. ನಾಲ್ಕು ದಾಟಿದರೆ ಪ್ರತ್ಯೇಕ ಡಿಸ್ಚಾರ್ಜರ್ ತನ್ನ ಬೆಲೆಯನ್ನು ಒಂದು ಮಳೆಗಾಲದಲ್ಲೇ ಮರಳಿಸುತ್ತದೆ. ರೀಜನರೇಟಿವ್ ಬೇಕೇ ಬೇಕು ಅನ್ನುವವರು ಊರ ಹೊರಗೆ ಬ್ಯಾಟರಿ ಇಟ್ಟುಕೊಂಡು ಓಡಿಸುವವರು ಮಾತ್ರ.

ಕರೆಂಟ್ ಎಲ್ಲಿಂದ?

ಚಾರ್ಜರುಗಳಲ್ಲಿ ಎರಡು ಜಾತಿ. ನೇರ 230 ವೋಲ್ಟಿಗೆ ಹಾಕುವ ಎಸಿ ಚಾರ್ಜರ್ ಮತ್ತು 11ರಿಂದ 18 ಅಥವಾ ಇನ್ನೂ ಹೆಚ್ಚು ವೋಲ್ಟ್ ಡಿಸಿ ಬೇಡುವ ಚಾರ್ಜರ್. ಒಂದೇ ಬೆಲೆಗೆ ಡಿಸಿಯದ್ದು ಎರಡು-ಮೂರು ಪಟ್ಟು ವ್ಯಾಟ್ ಕೊಡುತ್ತದೆ, ಯಾಕೆಂದರೆ ಪವರ್ ಸಪ್ಲೈ ಅದರೊಳಗಿಲ್ಲ, ನೀವು ಹೊರಗಿನಿಂದ ತರಬೇಕು. ಮನೆಯಲ್ಲಿ, ಕಾಲೇಜಿನ ಟೆಕ್ ಫೆಸ್ಟಿನಲ್ಲಿ, ಪ್ಲಗ್ ಸಿಗುವ ಕಡೆಯೇ ಓಡಿಸುವವರಿಗೆ ಎಸಿ ಚಾರ್ಜರ್ ಸರಳ. ಹೆಸ್ಕಾಂ ಲೈನಿನಲ್ಲಿ ಸಂಜೆ ಹೊತ್ತು ವೋಲ್ಟೇಜ್ ಕುಸಿದರೂ 100-240 ವೋಲ್ಟ್ ಅಂತ ಬರೆದಿರುವ ಚಾರ್ಜರ್ ನಡೆಯುತ್ತದೆ. ಕಿರಿಕಿರಿ ಬರುವುದು ಲೂಸ್ ಆದ ಎಕ್ಸ್‌ಟೆನ್ಷನ್ ಬೋರ್ಡಿನಿಂದ: ನಡುವೆ ಒಮ್ಮೆ ಪ್ಲಗ್ ಅಲುಗಿದರೆ ಚಾರ್ಜ್ ನಿಂತಿರುತ್ತದೆ, ಹೀಟಿಗೆ ಕರೆಯುವವರೆಗೆ ಗೊತ್ತೇ ಆಗುವುದಿಲ್ಲ.

ಡಿಸಿ ಚಾರ್ಜರಿಗೆ ಬಹಳ ಮಂದಿ ಎಲ್‌ಇಡಿ ಬೋರ್ಡುಗಳಿಗೆ ಹಾಕುವ 12 ವೋಲ್ಟ್ 30 ಆಂಪ್ ಎಸ್‌ಎಂಪಿಎಸ್ ತರುತ್ತಾರೆ. ಕೆಲಸ ಮಾಡುತ್ತದೆ, ಆದರೆ ನಾಲ್ಕು ಎಚ್ಚರ ಬೇಕು. ಪಕ್ಕದಲ್ಲಿ 110/220 ಸ್ವಿಚ್ ಇದ್ದರೆ 220ಕ್ಕೆ ಇದೆಯೇ ನೋಡಿ, 110ಕ್ಕಿದ್ದರೆ ಹಚ್ಚಿದ ಕ್ಷಣವೇ ಢಮಾರ್. 230 ವೋಲ್ಟಿನ ಸ್ಕ್ರೂಗಳು ತೆರೆದಿರುತ್ತವೆ, ಮುಚ್ಚಳ ಹಾಕದೆ ಮೇಜಿನ ಮೇಲೆ ಇಡಬೇಡಿ, ಅರ್ಥ್ ವೈರ್ ತಪ್ಪಿಸಬೇಡಿ. ಔಟ್‌ಪುಟ್ ಕಡೆ 4 ಚದರ ಮಿಲಿಮೀಟರಿನ ವೈರ್ ಬಳಸಿ, ಉದ್ದ ಒಂದು ಮೀಟರ್ ಒಳಗಿರಲಿ. ಕೊನೆಯದಾಗಿ, ಅದರ ಜಾಳಿಗೆ ಹೊದಿಕೆಯೊಳಗೆ ಯರಿ ಮಣ್ಣಿನ ಧೂಳು ಸಲೀಸಾಗಿ ಹೋಗುತ್ತದೆ. ಗದಗಿನ ಗಾಳಿಗೆ ಬಯಲಿನಲ್ಲಿ ಎರಡು ದಿನ ಇಟ್ಟರೆ ಫ್ಯಾನಿನ ರೆಕ್ಕೆಗೆ ಕಪ್ಪು ಪದರ ಕಟ್ಟಿರುತ್ತದೆ. ಬ್ರಷ್ಷಿನಿಂದ ತೆಗೆಯಿರಿ, ಆದರೆ ಧೂಳು ಬರಬಾರದೆಂದು ಬಟ್ಟೆ ಹೊದಿಸಬೇಡಿ.

ವ್ಯಾಟಿನ ಮಾತಿನಲ್ಲಿ ಇಲ್ಲೂ ಒಂದು ಮೋಸ ಇದೆ. "500 ವ್ಯಾಟ್" ಡಿಸಿ ಚಾರ್ಜರಿನ ಇನ್‌ಪುಟ್ ಮಿತಿ 20 ಆಂಪ್ ಅಂತಿದ್ದರೆ 12 ವೋಲ್ಟಿನಲ್ಲಿ ಒಳಗೆ ಹೋಗುವುದೇ 240 ವ್ಯಾಟ್, ಹೊರಬರುವುದು ಇನ್ನೂ ಕಡಿಮೆ. ಪೂರ್ತಿ 500 ಬೇಕಾದರೆ 24 ವೋಲ್ಟಿಗಿಂತ ಮೇಲಿನ ಸಪ್ಲೈ ಬೇಕು. 2ಎಸ್ ಓಡಿಸುವವರಿಗೆ ಇದರ ಅಗತ್ಯವೇ ಇಲ್ಲ.

ಪ್ಲಗ್ ಇಲ್ಲದ ಬಯಲಿನಲ್ಲಿ ಲೆಡ್-ಆಸಿಡ್ ಬ್ಯಾಟರಿಯೇ ಗತಿ. ಅರ್ಧ ಖಾಲಿಯಾದ 2ಎಸ್ 5000 ಪ್ಯಾಕ್ ಮರಳಿ ತುಂಬಲು ನಷ್ಟ ಸೇರಿ 24 ವ್ಯಾಟ್-ಅವರ್ ಹಿಡಿಯಿರಿ. ಕಾರಿನ 35 ಎಎಚ್ ಬ್ಯಾಟರಿಯಲ್ಲಿ 420 ವ್ಯಾಟ್-ಅವರ್ ಇದ್ದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆದರೆ ಸಂಜೆ ಕಾರು ಸ್ಟಾರ್ಟ್ ಆಗದಿರಬಹುದು. ಲೆಕ್ಕಕ್ಕೆ ಐದಾರು ಸಲ ಆಯಿತು. ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಅರ್ಧ ಬಳಸಿದರೂ ಮೂವತ್ತಕ್ಕೂ ಹೆಚ್ಚು ಸಲ ಕೊಡುತ್ತದೆ, ಆದರೆ ಅದನ್ನು ಎತ್ತಲು ಇಬ್ಬರು ಬೇಕು, ಮನೆಯವರ ಒಪ್ಪಿಗೆಯೂ ಬೇಕು. ಚಾರ್ಜರಿನಲ್ಲಿ ಇನ್‌ಪುಟ್ ಕಟ್‌ಆಫ್ ಸಾಮಾನ್ಯವಾಗಿ 10 ಅಥವಾ 11 ವೋಲ್ಟಿಗೆ ಇರುತ್ತದೆ. ಅದನ್ನು 11.8ಕ್ಕೆ ಏರಿಸಿ. ಚಾರ್ಜ್ ಆಗುತ್ತಿರುವಾಗ ಕಾರು ಸ್ಟಾರ್ಟ್ ಮಾಡಬೇಡಿ. ಪ್ಲಸ್-ಮೈನಸ್ ಉಲ್ಟಾ ಹಾಕಿದರೆ ಅಗ್ಗದ ನಕಲು ಚಾರ್ಜರುಗಳು ಒಂದೇ ಏಟಿಗೆ ಸಾಯುತ್ತವೆ, ಕ್ಲಿಪ್ ಹಾಕುವ ಮುಂಚೆ ಎರಡು ಸಲ ನೋಡಿ.

ಒಂದು ಡ್ಯುಯಲ್ಲೋ, ಎರಡು ಸಿಂಗಲ್ಲೋ

ಒಂದೇ ಬೆಲೆಯಾದರೆ ಎರಡು ಸಿಂಗಲ್. ಡ್ಯುಯಲ್ ಎಸಿ ಚಾರ್ಜರುಗಳಲ್ಲಿ ಬರೆದಿರುವ ವ್ಯಾಟ್ ಎಷ್ಟೋ ಸಲ ಎರಡೂ ಚಾನೆಲ್ ಸೇರಿ. ಒಂದರಲ್ಲಿ ಪ್ಯಾಕ್ ಹಾಕಿದಾಗ ಬಂದ ವೇಗ ಎರಡನೆಯದು ಹಾಕಿದ ಕೂಡಲೇ ಅರ್ಧಕ್ಕಿಳಿಯುತ್ತದೆ. ಜೊತೆಗೆ ಅದು ಕೆಟ್ಟರೆ ಅವತ್ತಿನ ರೇಸ್ ಮುಗಿದಂತೆ. ಪ್ಯಾರಲಲ್ ಬೋರ್ಡ್ ಹಾಕಿ ಒಂದೇ ಚಾರ್ಜರಿನಲ್ಲಿ ಹಲವು ಪ್ಯಾಕ್ ತುಂಬುವುದು ರೇಸಿನವರಿಗೆ ಬೇಡ: ಒಂದು ತುಂಬಿ ಇನ್ನೊಂದು ಖಾಲಿ ಇದ್ದರೆ ಹಚ್ಚಿದ ಕ್ಷಣ ಒಂದರಿಂದ ಇನ್ನೊಂದಕ್ಕೆ ಅಳತೆ ಮೀರಿ ಕರೆಂಟ್ ನುಗ್ಗುತ್ತದೆ.

ನಿಕಲ್ ಪ್ಯಾಕ್ ಇರುವವರಿಗೆ

ಹೊಸಬರ ಕಾರಿನ ಜೊತೆ ಬರುವ 7.2 ವೋಲ್ಟಿನ ಆರು ಸೆಲ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕಿಗೆ ಲೆಕ್ಕ ಬೇರೆ. ತುಂಬಿತು ಅನ್ನುವುದನ್ನು ಚಾರ್ಜರ್ ವೋಲ್ಟೇಜ್ ತುಸು ಇಳಿದಾಗ ಹಿಡಿಯುತ್ತದೆ, ಅದಕ್ಕೆ ಡೆಲ್ಟಾ ಪೀಕ್ ಅನ್ನುತ್ತಾರೆ. ಸೆಲ್ಲಿಗೆ 4-5 ಮಿಲಿವೋಲ್ಟಿಗೆ ಇಡಿ. 3000 ಎಂಎಎಚ್ ಪ್ಯಾಕನ್ನು 3 ಆಂಪಿನಲ್ಲಿ ತುಂಬಿ, ಅರ್ಧ ಆಂಪಿನಲ್ಲಿ ತುಂಬಿದರೆ ಆ ಇಳಿತ ಕಾಣದೆ ಚಾರ್ಜರ್ ನಿಲ್ಲುವುದೇ ಇಲ್ಲ, ಪ್ಯಾಕು ಬೇಯುತ್ತದೆ. ಇಳಿಸುವಾಗ ಸೆಲ್ಲಿಗೆ 0.9 ವೋಲ್ಟ್, ಅಂದರೆ 5.4ಕ್ಕೆ ನಿಲ್ಲಬೇಕು. ಬಲ್ಬ್ ಹಚ್ಚಿ ಪೂರ್ತಿ ಆರುವವರೆಗೆ ಬಿಟ್ಟರೆ ದುರ್ಬಲ ಸೆಲ್ ಉಲ್ಟಾ ಚಾರ್ಜ್ ಆಗಿ ಕೆಡುತ್ತದೆ.

ಯಾವ ಚಾರ್ಜರ್ ಆದರೂ ಬಳಸುವಾಗ

ಚಾರ್ಜಿಂಗ್ ವೈರನ್ನು ಮೊದಲು ಚಾರ್ಜರಿಗೆ, ನಂತರ ಪ್ಯಾಕಿಗೆ. ತೆಗೆಯುವಾಗ ಮೊದಲು ಪ್ಯಾಕಿನಿಂದ. ಈ ಕ್ರಮ ತಪ್ಪಿದರೆ ಚಾರ್ಜರ್ ಕಡೆಯ ಎರಡು ಬರಿ ಪಿನ್‌ಗಳು ಒಂದಕ್ಕೊಂದು ತಾಗಿ ಪ್ಯಾಕು ಶಾರ್ಟ್ ಆಗುತ್ತದೆ. ಗಟ್ಟಿ ಕೇಸಿನ ರೇಸ್ ಪ್ಯಾಕಿನಲ್ಲಿ 4 ಅಥವಾ 5 ಮಿಲಿಮೀಟರಿನ ಬುಲೆಟ್ ತೂತುಗಳು ಎರಡೂ ಒಂದೇ ಥರ, ಕೆಂಪು ವೈರ್ ಮೈನಸ್ಸಿಗೆ ಹೋಗುವುದನ್ನು ತಡೆಯುವ ಆಕಾರವೇ ಇಲ್ಲ.

ಮೆನುವಿನಲ್ಲಿ ಲಿಪೋ ಬದಲು ಎಚ್‌ವಿ (ಹೈ ವೋಲ್ಟೇಜ್ ಲಿಪೋ) ಆರಿಸಿದರೆ ಸೆಲ್ 4.35ಕ್ಕೆ ಹೋಗುತ್ತದೆ. ಸಾಮಾನ್ಯ ಪ್ಯಾಕಿಗೆ ಅದು ಬೆಂಕಿಯ ದಾರಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಪ್ಯಾಕ್ ಇಡಬೇಡಿ, ಹೀಟ್ ಮುಗಿಸಿ ಬಂದ ಪ್ಯಾಕು ಕೈಗೆ ಬಿಸಿ ಅನ್ನಿಸುವಷ್ಟು ಹೊತ್ತು ಚಾರ್ಜಿಗೆ ಹಾಕಬೇಡಿ. ಬೇವಿನ ಮರದ ನೆರಳಲ್ಲಿ, ಮಣ್ಣಿನ ಹೂವಿನ ಕುಂಡದಲ್ಲಿಟ್ಟು ತುಂಬಿಸಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ.

ತಂದ ಮೇಲೆ ಮೊದಲ ಪರೀಕ್ಷೆ

ನಕಲು ಬಿ6ಗಳ ದೊಡ್ಡ ಕಾಯಿಲೆ ಅಂದರೆ ವೋಲ್ಟೇಜ್ ತಪ್ಪು ಓದುವುದು. ಹೊಸ ಚಾರ್ಜರಿನಲ್ಲಿ ಒಂದು 2ಎಸ್ ಪ್ಯಾಕನ್ನು ಬ್ಯಾಲೆನ್ಸ್ ಮೋಡಿನಲ್ಲಿ ತುಂಬಿ, ಮುಗಿದ ಕೂಡಲೇ ಮಲ್ಟಿಮೀಟರಿನಿಂದ ಎರಡೂ ಸೆಲ್ ಅಳೆಯಿರಿ. ಬ್ಯಾಲೆನ್ಸ್ ಪ್ಲಗ್ಗಿನ ಮೂರು ಪಿನ್‌ಗಳಲ್ಲಿ ಕಪ್ಪು-ನಡುವಿನದು ಒಂದು ಸೆಲ್, ನಡುವಿನದು-ಕೆಂಪು ಇನ್ನೊಂದು. ಪಿನ್‌ಗಳ ನಡುವೆ ಅಂತರ ಎರಡೂವರೆ ಮಿಲಿಮೀಟರ್ ಮಾತ್ರ, ಮೀಟರಿನ ಮುಳ್ಳು ಜಾರಿದರೆ ಸೆಲ್ ಶಾರ್ಟ್. ಅದಕ್ಕೆ ಒಂದು ಬ್ಯಾಲೆನ್ಸ್ ಎಕ್ಸ್‌ಟೆನ್ಷನ್ ವೈರ್ ಸಿಕ್ಕಿಸಿ ಅದರ ತುದಿಯಲ್ಲಿ ಅಳೆಯುವುದು ಕ್ಷೇಮ.

ಎರಡೂ 4.19 ಮತ್ತು 4.21ರ ನಡುವೆ ಇರಬೇಕು. 4.23 ತೋರಿಸಿದರೆ ತಕ್ಷಣ ಚಾರ್ಜರನ್ನು ದೂಷಿಸಬೇಡಿ, ಮೀಟರಿನ 9 ವೋಲ್ಟ್ ಬ್ಯಾಟರಿ ಬಡವಾಗಿದ್ದರೂ ಅಗ್ಗದ ಮೀಟರುಗಳು ಹೆಚ್ಚು ತೋರಿಸುತ್ತವೆ. ಹೊಸ ಬ್ಯಾಟರಿ ಹಾಕಿ, ಸಾಧ್ಯವಾದರೆ ಇನ್ನೊಂದು ಮೀಟರಿನಿಂದಲೂ ನೋಡಿ. ಆಗಲೂ ಅಷ್ಟೇ ಬಂದರೆ ಆ ಚಾರ್ಜರ್ ಇಟ್ಟುಕೊಳ್ಳಬೇಡಿ, ವಾಪಸಾತಿಯ ಗಡುವು ಮುಗಿಯುವ ಮುಂಚೆ ಕಳಿಸಿಬಿಡಿ.